ಜಾವಕ ಸಂಖ್ಯೆ ನಾನೂರ ಹನ್ನೆರಡು

ನಮ್ಮ ಮಹಡಿ ಮನೆಯ ಯಜಮಾನರಿಗೆ ಪರಿಸರದ ಮೇಲೆ ಪ್ರೀತಿ ಹುಟ್ಟಿದ್ದು ಒಂದು ಕಡತ ಮುಚ್ಚುವ ಸಲುವಾಗಿ. ಇದನ್ನು ಅವರು ಒಪ್ಪುವುದಿಲ್ಲ. ಆದರೆ ಹದಿನಾಲ್ಕು ವರ್ಷದಿಂದ ಅವರ ಕೆಳಗಿನ ಮನೆಯಲ್ಲಿದ್ದು, ಅವರ ಮನೆಯ ಪಾತ್ರೆ ಬಿದ್ದರೆ ಯಾವ ಪಾತ್ರೆ ಎಂದು ಹೇಳಬಲ್ಲ ನಾನು ಹೇಳುತ್ತಿದ್ದೇನೆ, ನಂಬಿ.

ಅವರು ಬೀದಿದೀಪಗಳ ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತರು. ಕಚೇರಿಗೆ ಬಂದ ಪ್ರತಿ ಪತ್ರಕ್ಕೂ ಒಂದು ಸಂಖ್ಯೆ ಹಾಕಿ ಆವಕ ವಹಿಯಲ್ಲಿ ಬರೆಯಬೇಕು, ಹೊರಟ ಪ್ರತಿ ಪತ್ರಕ್ಕೂ ಒಂದು ಸಂಖ್ಯೆ ಹಾಕಿ ಜಾವಕ ವಹಿಯಲ್ಲಿ ಬರೆಯಬೇಕು. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಅವರಿಗೆ ಲೋಕದ ಬಗ್ಗೆ ಒಂದು ಗಟ್ಟಿ ತಿಳುವಳಿಕೆ ಬಂದಿತ್ತು. ವಹಿಯಲ್ಲಿ ಬರೆದದ್ದು ಹೋಗಿದೆ, ಬರೆಯದಿದ್ದದ್ದು ಹೋಗಿಲ್ಲ. ಬೀದಿಯವರೆಲ್ಲ ಅವರನ್ನು 'ಜಾವಕದವರು' ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಒಂದು ದಿನ ಅವರ ಕಚೇರಿಗೆ ವಿಶ್ವವಿದ್ಯಾಲಯದ ಪರಿಸರ ವಿಭಾಗದಿಂದ ಪತ್ರ ಬಂತು. 'ಬದಲಾಗುತ್ತಿರುವ ಪರಿಸರ, ಉಳಿಸಿಕೊಳ್ಳಬೇಕಾದ ಬದುಕು' ಎಂಬ ವಿಷಯದ ಮೇಲೆ ಐದು ಗುರುವಾರ ಸಂಜೆ ಉಪನ್ಯಾಸಗಳಿವೆ, ಸಾರ್ವಜನಿಕರು ತಪ್ಪದೆ ಬರಬೇಕು. ಸಾಹೇಬರು ಅದರ ಮೂಲೆಯಲ್ಲಿ 'ಸೂಕ್ತ ಕ್ರಮಕ್ಕೆ' ಎಂದು ಗೀಚಿ ಇವರ ಮೇಜಿಗೇ ವಾಪಸು ಎಸೆದರು. ಏನು ಕ್ರಮ? ಉತ್ತರ ಬರೆಯುವ ಪತ್ರವಲ್ಲ, ಬೇರೆ ಕಚೇರಿಗೆ ದಾಟಿಸುವ ಪತ್ರವೂ ಅಲ್ಲ. ಎರಡು ದಿನ ತಲೆ ಕೆರೆದುಕೊಂಡು, ತಾವೇ ಸಾರ್ವಜನಿಕರಾಗಿ ಹೋಗಿ ಬಂದರೆ ಕ್ರಮ ಆದಂತೆ ಎಂದು ತೀರ್ಮಾನಿಸಿದರು. ವಿಶ್ವವಿದ್ಯಾಲಯದ ಗೇಟು ನೋಡಿದರೆ ಅವರಿಗೆ ಸ್ವಲ್ಪ ದಿಗಿಲು. ಹಾಗಾಗಿ ಜೊತೆಗೆ ಇನ್ನೊಬ್ಬ ಸಾರ್ವಜನಿಕ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದರು. ನನ್ನದು ಪುಸ್ತಕ ಬೈಂಡಿಂಗ್ ಕೆಲಸ. ಸಂಜೆ ಐದೂವರೆಗೆ ಅಂಟು ಒಣಗಲು ಬಿಟ್ಟರೆ ನನಗೂ ಬೇರೆ ಕೆಲಸವಿರಲಿಲ್ಲ.

ಇನ್ನೂರು ಜನ ಕೂರುವ ಮೆಟ್ಟಿಲು ಮೆಟ್ಟಿಲಿನ ಸಭಾಂಗಣ. ಇದ್ದವರು ಹನ್ನೊಂದು. ಅವರಲ್ಲಿ ನಾಲ್ವರು ಫ್ಯಾನಿಗಾಗಿ ಬಂದವರು, ಇಬ್ಬರು ಕೊನೆಯಲ್ಲಿ ಕೊಡುವ ಚಹಾ ಬಿಸ್ಕತ್ತಿಗಾಗಿ. ಉಪನ್ಯಾಸ ಕೊಡುವ ಪ್ರೊಫೆಸರ್ ಮೇಡಂ ಕುಳ್ಳಗೆ, ಬಿಳಿ ಕೂದಲು, ಮೈಕು ಬೇಡದ ಗಂಟಲು. ಕಾದ ಸಮುದ್ರ, ಬತ್ತಿದ ಹೊಳೆ, ಸತ್ತ ಮಣ್ಣು ಎಂದು ಆಕೆ ಎದೆ ತುಂಬಿ ಮಾತಾಡುತ್ತಿದ್ದರೆ ಹನ್ನೊಂದರಲ್ಲಿ ಆರು ಜನ ತೂಕಡಿಸುತ್ತಿದ್ದರು. ನಮ್ಮ ಜಾವಕದವರು ಮಾತ್ರ ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮೂರನೆಯ ಗುರುವಾರ ಪರದೆಯ ಮೇಲೆ ಒಂದು ಕೆಂಪು ಗೆರೆ ಏರುತ್ತಾ ಏರುತ್ತಾ ಮೂಲೆ ಸೇರಿದಾಗ ಕೈ ಎತ್ತಿ, "ಮೇಡಂ, ಈ ಚಿತ್ರದ ಸಂಖ್ಯೆ ಎಷ್ಟು?" ಎಂದು ಕೇಳಿದರು. ಮೂರು ವಾರದಲ್ಲಿ ಬಂದ ಮೊದಲ ಪ್ರಶ್ನೆ ಅದು. ಮೇಡಂ ಕಣ್ಣು ಒದ್ದೆಯಾಯಿತು.

ನಾಲ್ಕನೆಯ ಗುರುವಾರದ ವಿಷಯ ಮನೆಯ ಕಸ. ಮೇಡಂ ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರ ನಿಂತು, ನಿಮ್ಮ ನಿಮ್ಮ ಮನೆಯಿಂದ ದಿನಕ್ಕೆ ಎಷ್ಟು ಕಸ ಹೊರಗೆ ಹೋಗುತ್ತದೆ ಹೇಳಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದರು. ಹನ್ನೊಂದೂ ಜನ ಗಂಡಸರೇ. ನಿವೃತ್ತ ಮೇಷ್ಟರು ಅರ್ಧ ಕಿಲೋ ಎಂದರು. ಸಲೂನಿನವರು ಸ್ವಲ್ಪ ಯೋಚಿಸಿ ನಾನೂರ ಐವತ್ತು ಗ್ರಾಂ ಎಂದರು. ನಾನು "ಮುಕ್ಕಾಲು ಕಿಲೋ" ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲಿಂದ ಬಂತೋ ಆ ಮುಕ್ಕಾಲು, ಇವತ್ತಿಗೂ ನನಗೆ ತಿಳಿಯದು.

ಜಾವಕದವರ ಸರದಿ ಬಂತು. ಅವರು ಎದ್ದು ನಿಂತು, ಮನಸ್ಸಿನಲ್ಲೇ ಮನೆಯ ವಹಿಯನ್ನು ತಿರುವಿ ಹಾಕಿದರು. ಒಂದು ನಮೂದೂ ಕಾಣಲಿಲ್ಲ.

"ನಾನು ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು ಮೇಡಂ. ನಮ್ಮ ಮನೆಯಿಂದ ಕಸ ಹೊರಗೆ ಹೋಗಿದ್ದನ್ನ ಒಂದು ದಿನಾನೂ ನೋಡಿಲ್ಲ."

ಮೇಡಂ ಕೈಯಿಂದ ಸೀಮೆಸುಣ್ಣ ಜಾರಿತು. "ಒಂದು ದಿನಾನೂ?"

"ಆಣೆ ಮಾಡಿ ಹೇಳ್ತೀನಿ."

"ಅಂದ್ರೆ ಸೊನ್ನೆ?"

"ಸೊನ್ನೆ ಅಂತಲೇ ಬರ್ಕೊಳ್ಳಿ."

ಮನುಷ್ಯ ಒಂದಕ್ಷರ ಸುಳ್ಳು ಹೇಳಿರಲಿಲ್ಲ, ಅದನ್ನು ಗಮನಿಸಬೇಕು. ಅವರು ಏಳುವುದು ಬೆಳಿಗ್ಗೆ ಏಳಕ್ಕೆ. ಅವರ ಹೆಂಡತಿ ಕಸದ ಬಕೆಟ್ ಹಿಡಿದು ಮೆಟ್ಟಿಲಿಳಿಯುವುದು ಆರು ಹತ್ತಕ್ಕೆ. ಮೇಡಂ ಮಾತ್ರ ವೇದಿಕೆಯಿಂದ ಇಳಿದು ಬಂದು ಅವರ ಎರಡೂ ಕೈ ಹಿಡಿದು ಕುಲುಕಿದರು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಇಂಥ ಮನೆ ಎಲ್ಲಾದ್ರೂ ಒಂದು ಇರುತ್ತೆ ಅಂತ ಕಾಯ್ತಾ ಇದ್ದೆ. ಹೇಗೆ ಸಾಧ್ಯ ಆಯ್ತು ಸಾರ್?"

ಆಗ ಬಾಯಿ ಬಿಟ್ಟು ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಕೈಯನ್ನು ಹಾಗೆ ಯಾರೂ ಎಂದೂ ಕುಲುಕಿರಲಿಲ್ಲ. ಕತ್ತು ಒಂದಿಷ್ಟು ಮೇಲೆತ್ತಿ, "ಎಲ್ಲಾ ಶಿಸ್ತು ಮೇಡಂ" ಎಂದುಬಿಟ್ಟರು.

ಮೇಡಂ ಅಲ್ಲೇ ಘೋಷಿಸಿದರು. ನಾಳೆಯಿಂದ ಒಂದು ವಾರ ತಮ್ಮ ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರು ಈ ಮನೆಯ ಮೆಟ್ಟಿಲ ಮೇಲೆ ತಕ್ಕಡಿ ಹಿಡಿದು ಕೂರುತ್ತಾರೆ. ಮನೆಯಿಂದ ಹೊರಗೆ ಹೋಗುವ ಪ್ರತಿಯೊಂದನ್ನೂ ತೂಗುತ್ತಾರೆ. ಮುಂದಿನ ಗುರುವಾರ, ಕೊನೆಯ ಉಪನ್ಯಾಸದಲ್ಲಿ, ಬಾಗಿಲಿಗೆ ಹೊಡೆಯಲು 'ಕಸವಿಲ್ಲದ ಮನೆ' ಎಂಬ ಫಲಕವನ್ನು ಕೊಡಲಾಗುತ್ತದೆ.

ಅವತ್ತು ರಾತ್ರಿ ಊಟದ ಹೊತ್ತಿಗೆ ಮೇಲಿನ ಮನೆಯಲ್ಲಿ ಪಾತ್ರೆಯ ಸದ್ದು ತಟ್ಟನೆ ನಿಂತಿತು. ನಾನು ತುತ್ತು ಕೈಯಲ್ಲೇ ಹಿಡಿದು ಕಿವಿ ಮೇಲೆತ್ತಿದೆ.

"ನಮ್ಮನೇಲಿ ಕಸಾನೇ ಇಲ್ಲ ಅಂತ ಹೇಳಿ ಬಂದ್ರಾ?"

"ಇಲ್ಲ ಅಂತ ಹೇಳಿಲ್ಲ ಕಣೇ. ಹೋಗಲ್ಲ ಅಂದೆ. ಕಸ ಹೋಯ್ತು ಅಂತ ನೀನು ಯಾವತ್ತಾದ್ರೂ ನಂಗೆ ತಿಳಿಸಿದೀಯಾ?"

"ತಿಳಿಸಬೇಕಿತ್ತಾ? ದಿನಾ ಎಬ್ಬಿಸಿ, ಏಳ್ರೀ, ಕಸ ಹೊರಡ್ತಾ ಇದೆ, ಬಾಗಿಲಿಗೆ ಬಂದು ಕೈ ಬೀಸಿ ಅನ್ನಬೇಕಿತ್ತಾ?"

"ಈಗ ಮಾತು ಕೊಟ್ಟಾಗಿದೆ. ಮುಖ ಉಳಿಸು ಮಾರಾಯ್ತಿ. ಒಂದು ವಾರ ಬಕೆಟ್ ಕೆಳಗಿಳಿಸಬೇಡ."

ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುವ ಸದ್ದಾಯಿತು. ಆಮೇಲೆ, "ಒಂದೇ ವಾರ ತಾನೆ?" ಎಂದು ಕೇಳಿದ್ದು ಕೇಳಿಸಿತು. ಆ ಪ್ರಶ್ನೆಯಲ್ಲಿ ಅಷ್ಟು ಬೇಸರ ಏಕಿತ್ತು ಎಂದು ನನಗೆ ಅರ್ಥವಾಗಲಿಲ್ಲ. ನನ್ನ ಹೆಂಡತಿಗೆ ಅರ್ಥವಾಯಿತು. "ಅಯ್ಯೋ, ಆರು ಹತ್ತು ಹೋಯ್ತು ಅವಳಿಗೆ" ಎಂದಳು.

ಈ ಆರು ಹತ್ತರ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬೀದಿಯ ಮೂಲೆಯಲ್ಲಿ ಕಸದ ತೊಟ್ಟಿ ಇದೆ. ಆರು ಇಪ್ಪತ್ತಕ್ಕೆ ಗಾಡಿ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಬೀದಿಯ ಹೆಂಗಸರು ಆರು ಹತ್ತಕ್ಕೇ ಬಕೆಟ್ ಹಿಡಿದು ಅಲ್ಲಿರುತ್ತಾರೆ. ಕಸ ಸುರಿಯುವುದು ಅರ್ಧ ನಿಮಿಷದ ಕೆಲಸ. ಉಳಿದ ಒಂಬತ್ತೂವರೆ ನಿಮಿಷ ಅಲ್ಲಿ ಏನು ನಡೆಯುತ್ತದೆ ಎಂದು ಯಾವ ಗಂಡಸಿಗೂ ತಿಳಿಯದು. ನನ್ನ ಹೆಂಡತಿ ಅಲ್ಲಿಂದ ಬಂದ ಮೇಲೆ ಒಲೆಯ ಮುಂದೆ ಒಬ್ಬಳೇ ನಗುತ್ತಿರುತ್ತಾಳೆ, ಕೇಳಿದರೆ ಹೇಳುವುದಿಲ್ಲ. ಅವತ್ತು ಒಂದು ಮಾತು ಮಾತ್ರ ಹೇಳಿದಳು. ಅಲ್ಲಿ ಎಲ್ಲರನ್ನೂ ನಗಿಸುವವಳು ಮಹಡಿ ಮನೆಯಾಕೆಯೇ. ಬೀದಿಯ ಪ್ರತಿಯೊಬ್ಬರ ನಡಿಗೆ, ದನಿ, ಕೆಮ್ಮು ಆಕೆಯ ಮೈಮೇಲೆ ಬರುತ್ತದಂತೆ. "ನಿಮ್ಮದೂ ಮಾಡ್ತಾಳೆ" ಎಂದಳು. ನಾನು ಮುಂದೆ ಕೇಳಲು ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ವಿದ್ಯಾರ್ಥಿನಿಯರು ಬಂದರು. ಒಬ್ಬಳು ಎತ್ತರದವಳು, ಒಬ್ಬಳು ಗಿಡ್ಡ. ಮೆಟ್ಟಿಲ ಕಂಬಿಗೆ ತೂಗುಕೊಕ್ಕೆಯ ತಕ್ಕಡಿ ಕಟ್ಟಿದರು. ಜಾವಕದವರು ನನ್ನಿಂದಲೇ ಒಂದು ಹೊಸ ವಹಿ ಹೊಲಿಸಿ ತಂದು ಅವರಿಗೆ ಕೊಟ್ಟರು. ಕ್ರಮ ಸಂಖ್ಯೆ, ವಸ್ತು, ತೂಕ, ಹೊತ್ತವರು, ಹೋದ ಹೊತ್ತು, ಬಂದ ಹೊತ್ತು, ಷರಾ ಎಂದು ತಾವೇ ಗೆರೆ ಎಳೆದುಕೊಟ್ಟರು. ತಮ್ಮ ಸ್ವಂತ ಮನೆಗೆ ಒಂದು ಜಾವಕ ವಹಿ! ಅದನ್ನು ಮುಚ್ಚಿ, ತೆರೆದು, ಮೂಸಿ ನೋಡಿ, ಮದುವೆಯಲ್ಲೂ ಅಷ್ಟು ಖುಷಿಪಟ್ಟಿರಲಾರರು.

ಆದರೆ ಪ್ರಸಿದ್ಧಿ ಎಂಬುದು ಬರಿಗೈಯಲ್ಲಿ ಬರುವುದಿಲ್ಲ, ಹಣ್ಣು ಹಿಡಿದು ಬರುತ್ತದೆ. ಸುದ್ದಿ ಹರಡಿದ್ದೇ ತಡ, ಅಭಿನಂದಿಸುವವರ ಸಾಲು ಶುರುವಾಯಿತು. ಮೇಷ್ಟರು ಕಿತ್ತಳೆ ತಂದರು. ಸಾಹೇಬರು ಹೂಗುಚ್ಛ ಕಳಿಸಿದರು, ಅದರ ಮೇಲೆ ಮೂರು ಸುತ್ತು ಪ್ಲಾಸ್ಟಿಕ್ಕು. ಬಕೆಟ್ ಅಂಗಡಿ ಇಟ್ಟಿದ್ದ ಜಾವಕದವರ ಬಾಮೈದ ಒಂದು ಡಜನ್ ಬಾಳೆಹಣ್ಣು, ಒಂದು ಹೊಸ ಬಕೆಟ್ಟು ಹಿಡಿದು ಓಡಿ ಬಂದ.

"ಭಾವ, ಈ ಬಕೆಟ್ ಹಿಡ್ಕೊಂಡು ಒಂದು ಫೋಟೋ. ಅಂಗಡಿ ಮುಂದೆ ಹಾಕ್ತೀನಿ. ಕಸವಿಲ್ಲದ ಮನೆಯವರ ಬಕೆಟ್ ಅಂತ!"

"ಕಸಾನೇ ಇಲ್ಲದ ಮನೆಗೆ ಬಕೆಟ್ ಯಾಕೋ?"

"ಅದೇ ಭಾವ! ಖಾಲಿ ಇಟ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಬಕೆಟ್ ಸಿಗಲ್ಲ!"

ಬಂದವರೆಲ್ಲ ತಿಂದರು, ಕುಡಿದರು, ಮನೆ ಎಷ್ಟು ಶುದ್ಧ ಎಂದು ಹೊಗಳಿದರು, ಸಿಪ್ಪೆ ಬಿಟ್ಟು ಹೋದರು. ಗಿಡ್ಡ ವಿದ್ಯಾರ್ಥಿನಿ ಒಂದು ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಏನು ಮಾಡಬೇಕೆಂದು ತಿಳಿಯದೆ, ನಿಯಮ ಮುರಿಯಬಾರದೆಂದು ತನ್ನ ಚೀಲಕ್ಕೇ ಹಾಕಿಕೊಂಡಳು. ಭಾನುವಾರದ ಹೊತ್ತಿಗೆ ಮೇಲಿನ ಮನೆಯ ಬಚ್ಚಲಿನಲ್ಲಿ ಎರಡು ಬಕೆಟ್ ತುಂಬಿ, ಬಾಮೈದನ ಹೊಸ ಬಕೆಟ್ಟೂ ತುಂಬಿ, ವಾಸನೆ ನಮ್ಮ ಅಡುಗೆಮನೆಗೆ ಇಳಿಯಿತು. ವಹಿಯಲ್ಲಿ ಮಾತ್ರ ಮೂರು ದಿನವೂ ಸೊನ್ನೆ, ಸೊನ್ನೆ, ಸೊನ್ನೆ.

ಸೋಮವಾರ ಜಾವಕದವರು ಉಬ್ಬಿದ ಚೀಲವೊಂದನ್ನು ಎದೆಗವಚಿಕೊಂಡು ಕಚೇರಿಗೆ ಹೊರಟರು.

"ಚೀಲ ತೂಗಬೇಕು ಸಾರ್" ಎಂದಳು ಎತ್ತರದವಳು.

"ಕಚೇರಿ ಕಾಗದ ಅಮ್ಮಾ. ಗೋಪ್ಯ."

ಅವಳು ಷರಾದಲ್ಲಿ 'ಗೋಪ್ಯ, ತೂಗಿಲ್ಲ' ಎಂದು ಬರೆದಳು. ಗಿಡ್ಡವಳು ಮೂಗರಳಿಸಿದಳು. "ಸಾರ್, ಗೋಪ್ಯದಿಂದ ಏನೋ ವಾಸನೆ ಬರ್ತಿದೆ."

"ಹಳೇ ಕಡತ" ಎಂದು ಇವರು ಮೆಟ್ಟಿಲು ಹಾರಿದರು.

ಕಚೇರಿಯಲ್ಲಿ ಕಸದ ಬುಟ್ಟಿಗೆ ಸುರಿದು ಕೈತೊಳೆದುಕೊಳ್ಳೋಣ ಎಂದರೆ ಅದಾಗುವ ಮಾತಲ್ಲ. ಅಲ್ಲಿ ಗುಡಿಸುವಾಕೆ ಇಪ್ಪತ್ತು ವರ್ಷದ ಅನುಭವಿ. ಬುಟ್ಟಿಯಲ್ಲಿ ಒಂದು ಮೊಟ್ಟೆ ಸಿಪ್ಪೆ ಕಂಡದ್ದೇ ಸೊಂಟದ ಮೇಲೆ ಕೈಯಿಟ್ಟು ಕಚೇರಿಯ ನಡುವೆ ನಿಂತಳು. "ಇದು ಯಾರ ಮನೇದು? ಕಾಗದದ ಕಚೇರಿ ಇದು. ಇಲ್ಲಿ ಯಾವ ಕೋಳಿ ಇದೆ?" ಎಂದು ಸಾಹೇಬರ ಕೋಣೆಗೆ ಕೇಳುವಂತೆ ಕೂಗಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಕೆ ಅತ್ತ ತಿರುಗಿದಾಗ ಜಾವಕದವರು ಸಿಪ್ಪೆಯನ್ನು ಮೆಲ್ಲಗೆ ಎತ್ತಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ಹಣೆಯ ಬೆವರು ಒರೆಸಿಕೊಳ್ಳುತ್ತಾ ತಮ್ಮ ಮೇಜಿನ ಮುಂದೆ ಕೂತರು. ಮೇಜಿನ ಮೇಲೆ ದಪ್ಪ ಲಕೋಟೆಗಳ ಕಟ್ಟು, ಅಂಟಿನ ಡಬ್ಬಿ, ಮೊಹರು. ಕಚೇರಿಯಿಂದ ಯಾರ ಅನುಮಾನಕ್ಕೂ ಎಡೆಯಿಲ್ಲದೆ ಒಂದು ವಸ್ತು ಹೊರಗೆ ಹೋಗಬೇಕಾದರೆ ಇರುವುದು ಒಂದೇ ದಾರಿ, ಮತ್ತು ಆ ದಾರಿಯ ಕಾವಲುಗಾರರು ಅವರೇ! ವಿಳಾಸವೂ ತಟ್ಟನೆ ಹೊಳೆಯಿತು. ಗಡಿಯಾರ ಗೋಪುರ ನಿರ್ವಹಣಾ ಕಚೇರಿ. ಗೋಪುರಕ್ಕೆ ದೀಪ ಹಾಕಲು ಒಪ್ಪಿಗೆ ಕೊಡಿ ಎಂದು ಅಲ್ಲಿಗೆ ಒಂಬತ್ತು ವರ್ಷದಿಂದ ಪತ್ರದ ಮೇಲೆ ಪತ್ರ ಹೋಗುತ್ತಿತ್ತು. ಒಂದಕ್ಕೂ ಉತ್ತರವಿಲ್ಲ. ಆ ಕಚೇರಿಯಲ್ಲಿ ಲಕೋಟೆ ಒಡೆಯುವುದೇ ಇಲ್ಲ ಎಂದು ಇಪ್ಪತ್ತಾರು ವರ್ಷದ ಅನುಭವ ಹೇಳುತ್ತಿತ್ತು. ಅದಕ್ಕಿಂತ ಆಳವಾದ ತೊಟ್ಟಿ ಎಲ್ಲಿ ಸಿಕ್ಕೀತು?

ಲಕೋಟೆಗೆ ತುಂಬಿದರು, ಅಂಟು ಹಚ್ಚಿದರು. ಆದರೆ ಸಂಖ್ಯೆಯಿಲ್ಲದೆ ಏನನ್ನೂ ಹೊರಗೆ ಕಳಿಸಲು ಅವರ ಕೈ ಬರಲಿಲ್ಲ. ಸಂಖ್ಯೆ ಹಾಕಿದ ಮೇಲೆ ಸುಳ್ಳು ನಮೂದು ಮಾಡಲೂ ಕೈ ಬರಲಿಲ್ಲ. ನಮ್ಮ ಜಾವಕದವರು ಬಾಯಲ್ಲಿ ಸುಳ್ಳು ಹೇಳಬಲ್ಲರು, ವಹಿಯಲ್ಲಿ ಬರೆಯಲಾರರು. ಆ ವಹಿ ಆಮೇಲೆ ಬೈಂಡಿಂಗಿಗೆ ನನ್ನ ಹತ್ತಿರವೇ ಬಂತು, ನಾನು ಕಣ್ಣಾರೆ ನೋಡಿದ್ದೇನೆ. ಮುತ್ತಿನಂಥ ಅಕ್ಷರ. 'ಜಾವಕ ಸಂಖ್ಯೆ 412. ನೆನಪೋಲೆ. ಜೊತೆಗೆ ಲಗತ್ತು: ಈರುಳ್ಳಿ ಸಿಪ್ಪೆ, ಮುನ್ನೂರು ಗ್ರಾಂ.' ಮಂಗಳವಾರ 413, ಬಾಳೆಹಣ್ಣಿನ ಸಿಪ್ಪೆ, ಹನ್ನೊಂದು. ಅದೇ ದಿನ ಮಧ್ಯಾಹ್ನ 414, ಚಹಾ ಚರಟ, ಒದ್ದೆ. ಬುಧವಾರ 415, ಮೊಟ್ಟೆ ಸಿಪ್ಪೆ, ಏಳು, ಆ ಪೈಕಿ ಒಡೆದದ್ದು ಏಳು.

ಇತ್ತ ಮಹಡಿ ಮನೆಯಾಕೆ ಮೊದಲ ದಿನ ಆರು ಹತ್ತಕ್ಕೆ ಬಾಲ್ಕನಿಗೆ ಬಂದು ನಿಂತಿದ್ದಳು. ಕೆಳಗಿನಿಂದ ಹೆಂಗಸರು ಕತ್ತೆತ್ತಿ ಕೈ ಬೀಸಿದರು, ಆಕೆಯೂ ಬೀಸಿದಳು. ಏನೋ ಕೂಗಿ ಹೇಳಲು ಹೋದಳು. ಒಳಗೆ ಗಂಡ ಮಲಗಿದ್ದಾನೆ, ಮೆಟ್ಟಿಲ ಮೇಲೆ ಇಬ್ಬರು ಪೆನ್ನು ಹಿಡಿದು ಕೂತಿದ್ದಾರೆ. ಎರಡಂತಸ್ತಿನ ಎತ್ತರದಿಂದ ಯಾರ ಕೆಮ್ಮನ್ನು ಹೇಗೆ ಕೆಮ್ಮಿ ತೋರಿಸುವುದು? ಕೆಳಗೆ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಏನೆಂದು ಮೇಲಿದ್ದವಳಿಗೆ ಕೇಳಿಸಲಿಲ್ಲ.

"ಪಾಪ ಕಣ್ರೀ. ದಿನಾ ಮೇಲಿಂದ ನೋಡ್ತಾ ನಿಂತಿರ್ತಾಳೆ. ಇವತ್ತು ಬಾಲ್ಕನಿಗೂ ಬರ್ಲಿಲ್ಲ" ಎಂದು ಬುಧವಾರ ನನ್ನ ಹೆಂಡತಿ ಹೇಳಿದಳು. ನನಗೂ ಪಾಪ ಅನ್ನಿಸಿತು. ಇನ್ನೊಂದೇ ದಿನ ತಾನೆ, ಗುರುವಾರ ಮುಗಿಯುತ್ತದಲ್ಲ ಎಂದು ಸಮಾಧಾನ ಹೇಳಿದೆ.

ಗುರುವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ಬೀದಿ ಬಂದಿತ್ತು. ಬೀದಿದೀಪಗಳ ಕಚೇರಿ ಅರ್ಧ ದಿನ ರಜೆ ಹಾಕಿ ಬಂದಿತ್ತು. ಕುಲಪತಿಗಳು ಬಂದು, ಅಷ್ಟು ಜನರನ್ನು ನೋಡಿ, ತಪ್ಪು ಕೋಣೆಗೆ ಬಂದೆನೇ ಎಂದು ಬಾಗಿಲಿನ ಹಲಗೆಯನ್ನು ಇನ್ನೊಮ್ಮೆ ಓದಿಕೊಂಡರು. ಮೇಡಂ ಹೊಸ ಸೀರೆ ಉಟ್ಟಿದ್ದರು. ಹಲಗೆಯ ಮೇಲೆ ಹಿಂದಿನ ವಾರದ ಅಂಕಿಗಳು ಹಾಗೇ ಇದ್ದವು. ನನ್ನ ಮುಕ್ಕಾಲು ಕಿಲೋ ಕೂಡ ಇತ್ತು. ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು.

ಎತ್ತರದ ವಿದ್ಯಾರ್ಥಿನಿ ಏಳು ದಿನದ ವಹಿ ಓದಿದಳು. ಏಳೂ ಸೊನ್ನೆ. ಚಪ್ಪಾಳೆಯೋ ಚಪ್ಪಾಳೆ. ಜಾವಕದವರು ವೇದಿಕೆಯ ಮೇಲೆ ನಿಂತು "ಎಲ್ಲಾ ಶಿಸ್ತು" ಎನ್ನುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಖಾಕಿ ಅಂಗಿಯ ಜವಾನನೊಬ್ಬ ಒಂದು ಕಟ್ಟನ್ನು ಮೈಯಿಂದ ಸಾಧ್ಯವಾದಷ್ಟು ದೂರ ಹಿಡಿದುಕೊಂಡು ಒಳಗೆ ಬಂದ. ಅವನು ಹಾದು ಹೋದ ಕಡೆಯೆಲ್ಲ ಜನ ಮೂಗು ಮುಚ್ಚಿಕೊಂಡರು.

"ಗಡಿಯಾರ ಗೋಪುರದ ಕಚೇರಿಯಿಂದ. ಪರಿಸರ ವಿಭಾಗದವರ ಕೈಗೇ ಕೊಟ್ಟು ಸಹಿ ತಗೊಂಡು ಬಾ ಅಂದಿದಾರೆ. ಬೇಗ ಹಾಕಿ ಮೇಡಂ."

ಮೇಡಂ ಸಹಿ ಹಾಕಿ, ಮೇಲಿದ್ದ ಪತ್ರವನ್ನು ಬಿಡಿಸಿ, ಉಪನ್ಯಾಸಕ್ಕೆ ಸಂಬಂಧಿಸಿದ್ದೇ ಇರಬೇಕೆಂದು ಗಟ್ಟಿಯಾಗಿ ಓದಿದರು:

"ಬೀದಿದೀಪಗಳ ಕಚೇರಿಯ ಜಾವಕ ಸಂಖ್ಯೆ 412ರಿಂದ 415ರವರೆಗಿನ ನೆನಪೋಲೆಗಳು ಲಗತ್ತುಗಳ ಸಹಿತ ತಲುಪಿವೆ. ಒಂಬತ್ತು ವರ್ಷಗಳಿಂದ ಉತ್ತರಿಸದೆ ಇದ್ದುದಕ್ಕೆ ಈ ಕಚೇರಿಯು ತುಂಬು ಮನಸ್ಸಿನಿಂದ ಕ್ಷಮೆ ಕೋರುತ್ತದೆ. ಗೋಪುರಕ್ಕೆ ಎಷ್ಟು ಬೇಕಾದರೂ ದೀಪ ಹಾಕಿಕೊಳ್ಳಬಹುದು. ದಯವಿಟ್ಟು ಇನ್ನು ನೆನಪಿಸಬೇಡಿ. ಲಗತ್ತುಗಳು ಈ ಕಚೇರಿಯ ವ್ಯಾಪ್ತಿಗೆ ಬಾರದ ಕಾರಣ ಸೂಕ್ತ ಕ್ರಮಕ್ಕಾಗಿ ಪರಿಸರ ವಿಭಾಗಕ್ಕೆ ಕಳಿಸಿದೆ."

ಬೀದಿದೀಪಗಳ ಸಾಹೇಬರು ಎದ್ದು ನಿಂತು, "ಒಪ್ಪಿಗೆ ಬಂತಾ?" ಎಂದರು, ಕುಣಿದಾಡುವುದೊಂದು ಬಾಕಿ. ಮೇಡಂ ಲಕೋಟೆ ಇಣುಕಿ ನೋಡಿ ಹಿಂದೆ ಸರಿದರು. "ಸಾರ್, ಇದು ನಿಮ್ಮದೇ ಕಚೇರಿ ಅಲ್ವಾ? ಇದರೊಳಗೆ ಬಾಳೆಹಣ್ಣಿನ ಸಿಪ್ಪೆ ಇದೆ."

ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಸಿಕ್ಕಿಬಿದ್ದ ಗುಮಾಸ್ತನ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ಹೌದು ಮೇಡಂ" ಎಂದರು ಜಾವಕದವರು, ಗಂಟಲು ಸರಿಮಾಡಿಕೊಂಡು. "ಅದೊಂದು ಪ್ರಯೋಗ. ಕಸಕ್ಕೂ ಒಂದು ವಿಳಾಸ ಬೇಕು ಅನ್ನೋದು ನನ್ನ ಸಿದ್ಧಾಂತ. ವಿಳಾಸ ಇಲ್ಲದೆ ಬಿಸಾಕಿದರೆ ಕಸ. ವಿಳಾಸ ಬರೆದು ಕಳಿಸಿದರೆ ಟಪಾಲು."

ಸಭೆಯೆಲ್ಲ ಕುಲಪತಿಗಳ ಕಡೆ ತಿರುಗಿತು. ಆಮೇಲೆ ಕುಲಪತಿಗಳು ಚಪ್ಪಾಳೆ ತಟ್ಟಿದರು. ಕುಲಪತಿಗಳು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ಮೇಡಂ ಹಲಗೆಯ ಮೇಲೆ 'ಕಸಕ್ಕೂ ವಿಳಾಸ' ಎಂದು ದೊಡ್ಡದಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದರು. "ಇಷ್ಟು ದೊಡ್ಡ ವಿಚಾರಕ್ಕೆ ಒಂದು ವಾರ ಸಾಲದು!" ಎಂದು ಕೂಗಿದರು. "ಒಂದು ವರ್ಷ! ತಕ್ಕಡಿ ಇನ್ನೊಂದು ವರ್ಷ ಇವರ ಮೆಟ್ಟಿಲ ಮೇಲೇ ಇರುತ್ತೆ. ಒಪ್ಪಿಗೆನಾ ಸಾರ್?"

"ಸಂತೋಷವಾಗಿ" ಎಂದು ಇವರು ನಡು ಬಗ್ಗಿಸಿದರು.

"ಒಂದು ವರ್ಷ ಆಗಲ್ಲ ಮೇಡಂ" ಎಂಬ ದನಿ ಎರಡನೆಯ ಸಾಲಿನಿಂದ ಬಂತು. ಜಾವಕದವರ ಹೆಂಡತಿ ಎದ್ದು ನಿಂತಿದ್ದಳು.

"ಯಾಕಮ್ಮಾ?"

"ನಂಗೆ ಬೆಳಿಗ್ಗೆ ಆರು ಹತ್ತಕ್ಕೆ ಕೆಲಸ ಇದೆ."

"ಏನು ಕೆಲಸ?"

"ಕಸ ಹಾಕೋದು."

ಜಾವಕದವರು ವೇದಿಕೆಯ ಮೂಲೆಗೆ ಸರಿದರು. ಆಕೆ ಸೆರಗು ಸಿಕ್ಕಿಸಿ ಸೀದಾ ವೇದಿಕೆ ಹತ್ತಿದಳು. ಬೈಯಲಿಲ್ಲ, ಅಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಪ್ಪತ್ತೆರಡು ವರ್ಷ ದಿನಾ ಆರು ಹತ್ತಕ್ಕೆ ತಾನು ಕಸ ಹೊತ್ತದ್ದು, ಈ ವಾರ ಅದು ಗೋಪ್ಯವಾಗಿ ಕಚೇರಿಗೆ ಹೋದದ್ದು. "ಇವರು ಸುಳ್ಳು ಹೇಳಿಲ್ಲ ಮೇಡಂ. ಇವರಿಗೆ ಕಸ ಕಾಣ್ಸೋದೇ ಇಲ್ಲ. ಬೆಳಿಗ್ಗೆ ಏಳೋದು ಹೀಗೆ" ಎಂದು ಮೈ ಮುರಿದಳು. ಅಷ್ಟೇ. ನಮ್ಮ ಕಣ್ಣೆದುರಿಗೆ ಆಕೆ ಮಾಯವಾಗಿ ಇನ್ನೊಬ್ಬ ಜಾವಕದವರು ನಿಂತಿದ್ದರು. ಅದೇ ಆಕಳಿಕೆ, ಅದೇ ಬೆನ್ನು ನೆಟ್ಟಗೆ ಮಾಡುವ ರೀತಿ. ಗುಡಿಸಿ ಸಾರಿಸಿದ ಮನೆಯನ್ನು ಒಂದು ಸುತ್ತು ನೋಡಿ, ತಾನೇ ಮಾಡಿದವನಂತೆ ಮೀಸೆ ಸವರಿ, ಗಾಳಿಯಲ್ಲಿ ಠಪ್ಪೆಂದು ಒಂದು ಮೊಹರು ಒತ್ತಿ, "ಎಲ್ಲಾ ಶಿಸ್ತು!"

ಹೆಂಗಸರ ಕಡೆಯಿಂದ ಒಂದು ನಗು ಎದ್ದಿತು. ಅಂಥ ನಗುವನ್ನು ನಾವು ಗಂಡಸರು ಯಾರೂ ಕೇಳಿರಲಿಲ್ಲ. ಗುಡಿಸುವಾಕೆ ಬೆಂಚು ಬಡಿಬಡಿದು ನಕ್ಕಳು. ಕುಲಪತಿಗಳೂ ನಕ್ಕು, ಆಮೇಲೆ ತಮ್ಮ ಹೆಂಡತಿ ತಮ್ಮನ್ನೇ ನೋಡುತ್ತಿದ್ದಾರೆಂದು ಗಮನಿಸಿ ನಿಲ್ಲಿಸಿದರು.

ಮೇಡಂ ನಗಲಿಲ್ಲ. ನಿಧಾನವಾಗಿ ಹಲಗೆಯ ಕಡೆ ತಿರುಗಿ ಆ ಹನ್ನೊಂದು ಅಂಕಿಗಳನ್ನು ನೋಡಿದರು. "ಈ ಲೆಕ್ಕ ಕೊಟ್ಟವರಲ್ಲಿ ಕಸದ ಬಕೆಟ್ ಕೈಯಲ್ಲಿ ಹಿಡಿದೋರು ಎಷ್ಟು ಜನ? ಕೈ ಎತ್ತಿ."

ಸಲೂನಿನವರೊಬ್ಬರೇ ಎತ್ತಿದರು. "ನಾನು ಒಂಟಿ ಮೇಡಂ" ಎಂದು ಕ್ಷಮೆ ಕೇಳುವವರಂತೆ ಹೇಳಿದರು.

"ಮುಕ್ಕಾಲು ಕಿಲೋ ಯಾರ್ರೀ ಹೇಳಿದ್ದು?" ಎಂದು ನನ್ನ ಹೆಂಡತಿ ಮೆಲ್ಲಗೆ ಕೇಳಿದಳು. ನಾನು ಬಗ್ಗಿ ಬೆಂಚಿನ ಕೆಳಗೆ ಚಪ್ಪಲಿ ಹುಡುಕತೊಡಗಿದೆ. ಕಾಲಲ್ಲೇ ಇತ್ತು.

ಮೇಡಂ ಸಲೂನಿನವರ ಅಂಕಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸೆರಗಿನಿಂದಲೇ ಒರೆಸಿದರು. ಹೊಸ ಸೀರೆ ಎಂಬುದೂ ನೆನಪಿರಲಿಲ್ಲ. ಸೀಮೆಸುಣ್ಣವನ್ನು ಮಹಡಿ ಮನೆಯಾಕೆಯ ಕೈಗೆ ಕೊಟ್ಟು, "ನೀವೇ ಬರೀರಿ ಅಮ್ಮಾ. ನಿಮ್ಮನೇದು ಎಷ್ಟು?" ಎಂದರು.

"ಮಾಮೂಲು ದಿನ ಒಂದೂ ಕಾಲು ಕಿಲೋ" ಎಂದಳು ಆಕೆ. "ಇವರಿಗೆ ಫಲಕ ಬರುತ್ತೆ ಅಂತ ಆದ್ಮೇಲೆ ದಿನಕ್ಕೆ ಮೂರು."

ಆಮೇಲೆ ಹೆಂಗಸರು ಸಾಲಾಗಿ ಬಂದು ಬರೆದರು. ಹಲಗೆ ಸಾಲದೆ ಗೋಡೆಯ ಮೇಲೂ ಬರೆದರು. ನಮ್ಮ ಮನೆಯದು ಎರಡು ಕಿಲೋ. ಅದರಲ್ಲಿ ಅರ್ಧ ನಾನು ಅಂಗಡಿಯಿಂದ ತಂದು ಮೂಲೆಯಲ್ಲಿ ಬಿಡುವ ಕಾಗದದ ಚೂರಂತೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ನನ್ನನ್ನು ನನ್ನ ಹೆಂಡತಿ ಎಬ್ಬಿಸಿ, ಕೈಗೆ ಬಕೆಟ್ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದಳು, ಕಸ ಹೇಗಿರುತ್ತದೆ ನೋಡಿ ಎಂದು. ಮೇಲಿನಿಂದ ಹೆಜ್ಜೆ ಸದ್ದು ಕೇಳಿಸಿತು. ಜಾವಕದವರು! ಕೂದಲು ಕೆದರಿದೆ, ಎರಡು ಕೈಯಲ್ಲಿ ಎರಡು ಬಕೆಟ್. ರಾತ್ರಿಯೆಲ್ಲ ಮಲಗಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ಹಿಂದೆಯೇ ಅವರ ಹೆಂಡತಿ ಬಂದಳು.

"ಎಲ್ಲಿಗೆ?"

"ಕಸ ಹಾಕೋಕೆ. ಇವತ್ತಿಂದ ನಾನೇ. ತಪ್ಪಾಯ್ತು ಕಣೇ. ಇಪ್ಪತ್ತೆರಡು ವರ್ಷ..." ಎನ್ನುತ್ತಾ ಅವರು ಬಕೆಟ್ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡರು. ಸುಳ್ಳೇಕೆ, ನನ್ನ ಕಣ್ಣಲ್ಲೂ ನೀರು ಬಂತು.

ಆಕೆ ಎರಡೂ ಬಕೆಟ್ ಕಿತ್ತುಕೊಂಡಳು. "ಕೊಡಿ ಇಲ್ಲಿ. ಇಷ್ಟು ವರ್ಷದ ಮೇಲೆ ಕಣ್ಣಿಗೆ ಬಿದ್ದಿದ್ದು ಇದೊಂದೇನಾ? ಒಳಗೆ ಪಾತ್ರೆ ಇದೆ, ಬಟ್ಟೆ ಇದೆ, ಬಚ್ಚಲು ವಾಸನೆ ಹೊಡೀತಾ ಇದೆ. ಬೇಕಾದ್ರೆ ಒಂದೊಂದಕ್ಕೂ ನಂಬರ್ ಹಾಕ್ಕೊಂಡು ತೊಳೀರಿ. ಇದನ್ನ ಮಾತ್ರ ಮುಟ್ಟಬೇಡಿ."

ನನ್ನ ಕೈಯಲ್ಲಿದ್ದ ಬಕೆಟ್ಟೂ ಹೋಯಿತು. ಇಬ್ಬರು ಹೆಂಗಸರೂ ಬೀದಿಗಿಳಿದರು. ನಾವಿಬ್ಬರೂ ಕಂಬಿ ಹಿಡಿದು ನಿಂತೆವು. ಮೂಲೆಯಿಂದ ಏನೋ ಗುಸುಗುಸು, ಆಮೇಲೆ ಠಪ್ ಎಂಬ ಸದ್ದು, ಆಮೇಲೆ ಬೀದಿ ತುಂಬುವಂಥ ನಗು ಕೇಳಿಸಿತು. ಗಾಡಿ ಬಂತು, ಹೋಯಿತು. ನಗು ನಿಲ್ಲಲಿಲ್ಲ.

"ಅಲ್ಲಿ ಅಷ್ಟು ಹೊತ್ತು ಏನು ಮಾತಾಡ್ತಾರೆ ಇವರು?" ಎಂದರು ಜಾವಕದವರು.

"ಯಾರಿಗೆ ಗೊತ್ತು" ಎಂದೆ.

ಅವರು ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಯಾವ ಪಾತ್ರೆ ಎಂದು ಮೊದಲ ಸಲ ನನಗೆ ಗೊತ್ತಾಗಲಿಲ್ಲ, ಏಕೆಂದರೆ ಎಲ್ಲವೂ ಒಟ್ಟಿಗೇ ಬಿದ್ದಿದ್ದವು.

ವಿದ್ಯಾರ್ಥಿನಿಯರು ಸಭೆ ಮುಗಿದ ಮೇಲೆ ವಾಪಸು ಕೊಟ್ಟ ವಹಿ ಮೆಟ್ಟಿಲ ಮೇಲಿತ್ತು. ಸಂಜೆ ಅಂಗಡಿ ಮುಚ್ಚಿ ಬರುವಾಗ ತೆರೆದು ನೋಡಿದೆ. ಏಳು ಸೊನ್ನೆಗಳ ಮೇಲೂ ಒಂದೇ ಗೆರೆ ಎಳೆದು, ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಹೊಸ ನಮೂದು ಇತ್ತು. ವಸ್ತು: ಕಸ. ತೂಕ: ಒಂಬತ್ತು ಕಿಲೋ. ಹೊತ್ತವರು: ಹೆಂಡತಿ. ಹೋದ ಹೊತ್ತು: ಆರು ಹತ್ತು. ಬಂದ ಹೊತ್ತು: ಏಳು ಗಂಟೆ. ತಡವಾದುದಕ್ಕೆ ಕಾರಣ ಬರೆಯಬೇಕಾದ ಷರಾದಲ್ಲಿ ಒಂದೇ ಪದ ಬರೆದಿದ್ದರು: ಗೋಪ್ಯ.